ಬಿಳಿ ಗೆರೆಯ ಮೇಲೆ ಅಬ್ದುಲ್ ವಹಾಬ್

ಲೋಕದಲ್ಲಿ ಶಿಸ್ತು ಎಂಬುದು ಇನ್ನೂ ಅಷ್ಟಿಷ್ಟು ಉಳಿದಿದ್ದರೆ ಅದು ತಮ್ಮಿಂದಲೇ ಎಂದು ತೋಡಾರಿನ ಅಬ್ದುಲ್ ವಹಾಬರು ಗಟ್ಟಿಯಾಗಿ ನಂಬಿದ್ದರು. ಮೂಡುಬಿದಿರೆಯಲ್ಲಿ ಅವರದ್ದು ಪೈಪು, ನಲ್ಲಿಗಳ ಅಂಗಡಿ. ಅಲ್ಲಿ ಒಂದು ವಾಷರ್ ಬೇಕಾದರೂ ಲೈನಿನಲ್ಲೇ ನಿಲ್ಲಬೇಕು. ಗಿರಾಕಿ ಒಬ್ಬನೇ ಬಂದರೆ ಆ ಒಬ್ಬನೇ ಲೈನ್ ಮಾಡಿಕೊಂಡು ನಿಲ್ಲಬೇಕು. ಮದುವೆ ಹಾಲ್‌ಗಳಲ್ಲಿ ಕೈ ತೊಳೆಯುವ ಜಾಗಕ್ಕೆ ಯಾರಾದರೂ ಬದಿಯಿಂದ ನುಗ್ಗಿದರೆ, ವಹಾಬರು ಅವರ ಎಂಜಲು ಕೈಯನ್ನೇ ಹಿಡಿದು ನಡೆಸಿಕೊಂಡು ಹೋಗಿ ಲೈನಿನ ತುದಿಯಲ್ಲಿ ನಿಲ್ಲಿಸಿ ಬರುತ್ತಿದ್ದರು. ಇಂಥವರ ಜೊತೆ ಸಂಸಾರ ಮಾಡುವುದೆಂದರೆ ಏನು ಎಂದು ಅವರ ಹೆಂಡತಿ ಸಾಲಿಹಾರನ್ನು ಕೇಳಬೇಕು. ಅವರೂ ಬಾಯಿ ಬಿಟ್ಟು ಹೇಳಲಿಕ್ಕಿಲ್ಲ, ಒಂದು ನಿಟ್ಟುಸಿರು ಬಿಟ್ಟಾರು ಅಷ್ಟೆ.

ಅಂಥ ವಹಾಬರು ಆ ಭಾನುವಾರ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಒಂದು ಭೀಷಣ ಪ್ರತಿಜ್ಞೆ ಮಾಡಿದರು.

"ಸಾಲಿಹಾ, ಇವತ್ತು ಊಟ ಒಂದೂವರೆಗೆ ಅಂದ್ರೆ ಒಂದೂವರೆಗೆ. ಒಂದು ನಿಮಿಷ ಆಚೆ ಹೋದ್ರೆ ನನ್ನ ಹೆಸರು ವಹಾಬ್ ಅಲ್ಲ."

"ಮೊದಲು ಬಾಯಿ ತೊಳೀರಿ. ನೊರೆ ಅಂಗಿಗೆ ಬೀಳ್ತಾ ಉಂಟು" ಎಂದರು ಸಾಲಿಹಾ.

ಈ ಒಂದೂವರೆಯ ಹಿಂದೆ ದೊಡ್ಡ ಕಥೆಯೇ ಇತ್ತು. ವಹಾಬರ ಒಬ್ಬಳೇ ಮಗಳು ಹಸ್ನಾಳ ನಿಕಾಹ್ ಬೆಳ್ತಂಗಡಿಯ ಅಝೀಮನ ಜೊತೆ ಆಗಿ ಇನ್ನೂ ತಿಂಗಳು ಕಳೆದಿರಲಿಲ್ಲ. ನಿಕಾಹ್ ದಿನ ಗಂಡಿನ ಕಡೆಯವರು ಹಾಲ್‌ಗೆ ಬರುವಾಗ ತಡವಾಯಿತು. ಆಗಲಿ, ಮದುವೆ ದಿಬ್ಬಣ ತಡವಾಗದೆ ರೈಲು ತಡವಾಗುತ್ತದೆಯೇ? ಬೇರೆಯವರಾದರೆ ನಕ್ಕು ಒಳಗೆ ಕರೆಯುತ್ತಿದ್ದರು. ವಹಾಬರು ನೆರೆದವರೆಲ್ಲರ ಎದುರಿನಲ್ಲಿ ತಮ್ಮ ಕೈಗಡಿಯಾರ ಎತ್ತಿ ತೋರಿಸಿ, ಅಝೀಮನ ತಂದೆ ಉಮರಬ್ಬರಿಗೆ, "ಬೆಳ್ತಂಗಡಿಯಲ್ಲಿ ಗಡಿಯಾರಕ್ಕೆ ಸೆಲ್ ಸಿಗುವುದಿಲ್ವಾ?" ಎಂದು ಕೇಳಿಬಿಟ್ಟರು.

ಉಮರಬ್ಬರು ಅಡಿಕೆ ವ್ಯಾಪಾರಿ. ಇಡೀ ದಿನ ಗೋಣಿಗೆ ಕೈ ಹಾಕಿ ಒಳಗಿನ ಮಾಲು ಎಂಥದ್ದೆಂದು ಮಾತಿಲ್ಲದೆ ತಿಳಿದುಕೊಳ್ಳುವ ಮನುಷ್ಯ. ಅವರು ವಹಾಬರ ಮುಖವನ್ನು ಒಮ್ಮೆ ನೋಡಿ ಮುಗುಳ್ನಕ್ಕರು. ಏನೂ ಹೇಳಲಿಲ್ಲ. ಬೈದಿದ್ದರೆ ವಹಾಬರಿಗೆ ಅಂದೇ ನಿದ್ದೆ ಬರುತ್ತಿತ್ತು. ಆ ನಗು ಮಾತ್ರ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಅಂದಿನಿಂದ ಚುಚ್ಚುತ್ತಲೇ ಇತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಹಸ್ನಾ ಅಳುತ್ತಾ ಹೇಳಿದ ಮಾತು. "ಬಾಪಾ, ನಾಳೆಯಿಂದ ಆ ಮನೆಯಲ್ಲಿ ಇರಬೇಕಾದವಳು ನಾನು. ಅತ್ತೆ ನನ್ನ ಮುಖ ನೋಡಿದಾಗೆಲ್ಲ ಅವರಿಗೆ ಆ ಗಡಿಯಾರ ನೆನಪಾಗ್ತದೆ."

ಇವತ್ತು ಅದೇ ಬೆಳ್ತಂಗಡಿಯವರು ಮಗಳ ತವರಿಗೆ ಮೊದಲ ಔತಣಕ್ಕೆ ಬರುವವರಿದ್ದರು. ವಹಾಬರು ಸರಿಯಾದ ಸಮಯಕ್ಕೆ ಗೇಟಿನಲ್ಲಿ ನಿಂತು ಬೀಗರ ಕೈ ಹಿಡಿದು ಒಳಗೆ ಕರೆದು, ಸರಿಯಾದ ಸಮಯಕ್ಕೆ ಬಿಸಿ ಬಿರಿಯಾನಿ ಬಡಿಸಿದರೆ, ಹಳೆಯ ಮಾತಿಗೆ ಒಂದು ಮರ್ಯಾದೆಯಾದರೂ ಉಳಿಯುತ್ತಿತ್ತು. ಗಡಿಯಾರ ತೋರಿಸಿದವನೇ ತಡ ಮಾಡಿದರೆ ಮುಗಿಯಿತು. ಹಸ್ನಾ ಜೀವಮಾನವಿಡೀ ತಲೆ ತಗ್ಗಿಸಿಕೊಂಡು ಆ ಮನೆಯಲ್ಲಿ ಚಾ ಮಾಡಬೇಕು.

ಬಿರಿಯಾನಿ ಬೆಳುವಾಯಿಯ ನಿಝಾರನದ್ದು. ಅವನು ತನ್ನ ಅಂಗಳದಲ್ಲೇ ಸೌದೆ ಒಲೆಯ ಮೇಲೆ ದಮ್ ಮಾಡಿ, ಹಂಡೆಗಳನ್ನು ತನ್ನ ಕೆಂಪು ವ್ಯಾನಿನಲ್ಲಿ ತಂದು ಮನೆಗೆ ಮುಟ್ಟಿಸುವವ. ಅದೇ ಬೆಳುವಾಯಿಯಿಂದ ವಹಾಬರ ಅಕ್ಕ ಬೀಫಾತಿಮಾರನ್ನೂ ಕರೆತರಬೇಕಿತ್ತು. ತಾಯಿ ಇಲ್ಲದ ವಹಾಬರನ್ನು ಸಾಕಿದ್ದು ಆಕೆಯೇ. ತಮ್ಮನ ಕಾರಲ್ಲದೆ ಬೇರೆಯವರ ಕಾರಿಗೆ ಕಾಲಿಡುವುದಿಲ್ಲ ಎಂದು ಆಕೆಯ ಹಟ. ಸಾಲಿಹಾ ಮನೆಯನ್ನು ತಂಗಿ ಜುವೈರಿಯಾಳಿಗೆ ವಹಿಸಿ ತಾವೂ ಕಾರು ಹತ್ತಿದರು.

"ನೀನ್ಯಾಕೆ? ಮನೆಯಲ್ಲಿ ಕೆಲಸ ಇಲ್ವಾ?" ಎಂದರು ವಹಾಬ್.

"ಉಂಟು. ಆದ್ರೆ ನೀವು ಒಬ್ರೇ ಹೋದ್ರೆ ದಾರಿಯಲ್ಲಿ ಯಾರಿಗಾದ್ರೂ ಬುದ್ಧಿ ಹೇಳ್ಲಿಕ್ಕೆ ನಿಲ್ತೀರಿ. ನಿಮ್ಮನ್ನು ಎಳ್ಕೊಂಡು ಬರ್ಲಿಕ್ಕೆ ಒಬ್ರು ಬೇಕಲ್ಲ."

ಹೋಗುವಾಗ ಎಲ್ಲ ಸುಸೂತ್ರ. ಅಕ್ಕ ತನ್ನ ಹಲ್ಲಿನ ಸೆಟ್ ಹುಡುಕಿ, ಅದು ಸಿಕ್ಕಿದ ಮೇಲೆ ಬಿಳಿ ಶಾಲು ಹುಡುಕಿ, ಕಾರಿನಲ್ಲಿ ಕೂರುವಾಗ ಸ್ವಲ್ಪ ಹೊತ್ತು ಹೋಯಿತು, ಅಷ್ಟೆ. ಆ ಹುಡುಕಾಟದ ನಡುವೆಯೇ ವಹಾಬರು ನಿಝಾರನಿಗೆ ಫೋನು ಮಾಡಿದರು.

"ದಮ್ ಕೂತಿದೆ ವಹಾಬಾಕ. ಇನ್ನು ಗಾಡಿಗೆ ಏರಿಸುವುದು ಮಾತ್ರ. ನೀವು ಮನೆ ಮುಟ್ಟುವಾಗ ನಾನೂ ಮುಟ್ಟಿದೆ ಅಂತ ಲೆಕ್ಕ" ಎಂದ ನಿಝಾರ್. ಊರಿನ ಕಿರಿಯರಿಗೆಲ್ಲ ಅವರು ವಹಾಬಾಕ. ತನ್ನ ಕೆಂಪು ವ್ಯಾನ್ ಮುಂಜಾನೆಯೇ ಕೆಟ್ಟು ಗ್ಯಾರೇಜಿನಲ್ಲಿ ಮಲಗಿದ ಸುದ್ದಿಯನ್ನು ಮಾತ್ರ ಅವನು ಹೇಳಲಿಲ್ಲ. ಹೇಳಿದರೆ ವ್ಯಾನಿನ ಸರ್ವಿಸ್ ಯಾವಾಗ ಮಾಡಿಸಿದ್ದೆಂಬಲ್ಲಿಂದ ಶುರುವಾಗಿ ಒಂದು ಉಪನ್ಯಾಸ ಕೇಳಬೇಕಾಗುತ್ತಿತ್ತು.

ಬೆಳುವಾಯಿಯಿಂದ ಮೂಡುಬಿದಿರೆಯ ಕಡೆಗೆ ಹೊಸ ಹೆದ್ದಾರಿ. ಒಂದೊಂದು ಬದಿಗೆ ಎರಡೆರಡು ಸಾಲು, ನಡುವೆ ತುಂಡು ತುಂಡು ಬಿಳಿ ಗೆರೆ. ಸ್ವಲ್ಪ ದೂರ ಬರುವಷ್ಟರಲ್ಲಿ ಬಲಸಾಲಿನಲ್ಲಿ ವಾಹನಗಳು ಒಂದರ ಹಿಂದೊಂದು ನಿಂತಿದ್ದವು. ಎಡಸಾಲು ಮಾತ್ರ ಖಾಲಿ, ಯಾರೋ ಗುಡಿಸಿ ಇಟ್ಟ ಹಾಗೆ. ಬದಿಯಲ್ಲಿ ದೊಡ್ಡ ಹಳದಿ ಬೋರ್ಡು. ಸಾಲಿಹಾ ಅದನ್ನು ಗಟ್ಟಿಯಾಗಿ ಓದಿದರು.

"'ಮುಂದೆ ಸೇತುವೆ ಕೆಲಸ. ಎಡಸಾಲು ಬಂದ್. ಕೊನೆಯವರೆಗೂ ಎರಡೂ ಸಾಲು ಬಳಸಿ. ಅಲ್ಲಿ ಒಂದು ಬಿಟ್ಟು ಒಂದರಂತೆ ಸೇರಿಕೊಳ್ಳಿ.' ಎಡಕ್ಕೆ ಹೋಗುವ ಅಲ್ವಾ?"

ವಹಾಬರು ಬಲಸಾಲಿನ ತುದಿಯಲ್ಲಿ ಭಕ್ತಿಯಿಂದ ಕಾರು ನಿಲ್ಲಿಸಿದರು. "ಏನು ಮಾತಾಡ್ತೀ ನೀನು? ಇಷ್ಟು ಜನ ಲೈನಿನಲ್ಲಿ ನಿಂತಿದ್ದಾರೆ. ಇವರನ್ನೆಲ್ಲ ದಾಟಿ ಮುಂದೆ ಹೋಗಿ ತಲೆ ತೂರಿಸುವುದಾ? ಮಾನ ಮರ್ಯಾದೆ ಬೇಡ್ವಾ?"

"ಬೋರ್ಡಿನಲ್ಲಿ ಬರ್ದಿದ್ದಾರೆ."

"ಬೋರ್ಡು ಕಂಟ್ರಾಕ್ಟರಿಂದು. ಮರ್ಯಾದೆ ನಮ್ಮದು."

"ಖಾಲಿ ರೋಡು ಖಾಲಿಯಾಗಿಯೇ ಇದ್ರೆ ಅದಕ್ಕೆ ಯಾವ ಮರ್ಯಾದೆ? ಎರಡೂ ಕಡೆಯವರು ತುದಿಯವರೆಗೆ ಹೋಗಿ ಒಬ್ಬೊಬ್ಬರಾಗಿ ಸೇರಿದ್ರೆ ಲೈನು ಅರ್ಧ ಆಗ್ತದೆ. ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ ನನಗೆ."

ಸಾಲಿಹಾ ಹೋದ ವರ್ಷವಷ್ಟೇ ಡ್ರೈವಿಂಗ್ ಕಲಿತು, ಒಂದೇ ಸಲಕ್ಕೆ ಪಾಸಾಗಿ ಲೈಸೆನ್ಸ್ ತಂದವರು. ವಹಾಬರಿಗೆ ಅದು ಎರಡನೇ ಪ್ರಯತ್ನದಲ್ಲಿ ಸಿಕ್ಕಿದ್ದು. ಆದ್ದರಿಂದ ಡ್ರೈವಿಂಗ್ ಸ್ಕೂಲಿನ ಮಾತು ಬಂದರೆ ಅವರಿಗೆ ಪಿತ್ತ ನೆತ್ತಿಗೇರುತ್ತಿತ್ತು. ಅದೇ ಹೊತ್ತಿಗೆ ಒಂದು ಬಿಳಿ ಜೀಪು ಎಡಸಾಲಿನಲ್ಲಿ ಸುಯ್ಯೆಂದು ಮುಂದೆ ಹೋಯಿತು. ಅದರ ಹಿಂದೆ ಒಂದು ಆಟೊ.

"ನೋಡಿದ್ಯಾ? ನಾವು ಇಲ್ಲಿ ಕತ್ತೆಗಳಾ?"

"ಅವ ಬೋರ್ಡು ಓದಿದ್ದಾನೆ" ಎಂದರು ಸಾಲಿಹಾ.

ವಹಾಬರೊಳಗಿನ ಲೈನಿನ ಕಾವಲುಗಾರ ಎದ್ದು ನಿಂತ. ಅವರು ಸ್ಟಿಯರಿಂಗ್ ಎಡಕ್ಕೆ ತಿರುಗಿಸಿ, ಕಾರನ್ನು ಅರ್ಧ ಬಲಸಾಲಿನಲ್ಲಿ ಅರ್ಧ ಎಡಸಾಲಿನಲ್ಲಿ, ಬಿಳಿ ಗೆರೆಯ ನೆತ್ತಿಯ ಮೇಲೆ ಓರೆಯಾಗಿ ನಿಲ್ಲಿಸಿದರು. ಇನ್ನು ಇರುವೆ ಹೋಗಬೇಕಾದರೂ ವಹಾಬರ ಅಪ್ಪಣೆ ಬೇಕು.

"ಇನ್ನು ಹೋಗಲಿ ನೋಡುವ, ಯಾವ ಗಂಡಸು ಹೋಗ್ತಾನೆ ಅಂತ."

"ಯಾ ಅಲ್ಲಾಹ್" ಎಂದು ಸಾಲಿಹಾ ಹಣೆ ಹಿಡಿದುಕೊಂಡರು.

ಗಂಡಸು ಬಂದೇ ಬಿಟ್ಟ. ಕನ್ನಡಿಯಲ್ಲಿ ಒಂದು ಟೆಂಪೊ ಕಾಣಿಸಿತು. ಹಣೆಯ ಮೇಲೆ 'ಶಂಭು ಶಾಮಿಯಾನ' ಎಂಬ ಅಕ್ಷರ, ಹಿಂದೆ ನೀಲಿ ಟಾರ್ಪಾಲಿನ ಹೊದಿಕೆ. ಎಡಸಾಲಿನಲ್ಲಿ ಬಂದು, ಕಾರಿನ ಬಾಲಕ್ಕೆ ಮೂಗು ತಾಗಿಸುವಷ್ಟು ಹತ್ತಿರ ನಿಂತು, ಒಂದು ಸಣ್ಣ ಹಾರ್ನ್ ಹೊಡೆಯಿತು. ವಹಾಬರು ಅಲುಗಲಿಲ್ಲ. ಎರಡನೇ ಹಾರ್ನ್ ಸ್ವಲ್ಪ ಉದ್ದ ಬಂತು.

"ಶಾಮಿಯಾನದವನಿಗೆ ಏನು ಅರ್ಜೆಂಟು ಮಾರಾಯ್ತಿ? ಕುರ್ಚಿ ಹಳಸಿ ಹೋಗ್ತದಾ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು ವಹಾಬ್.

ಟೆಂಪೊದ ಹಿಂದೆ ಒಂದು ಖಾಸಗಿ ಬಸ್ಸು ಬಂದು ನಿಂತಿತು. ಬಸ್ಸಿನ ಹಿಂದೆ ಜಲ್ಲಿ ಲಾರಿ. ಬಲಸಾಲಿನಲ್ಲೂ ವಹಾಬರ ಹಿಂದೆ ಕಾರುಗಳು ಒಂದಕ್ಕೊಂದು ಅಂಟಿಕೊಂಡವು. ಇಷ್ಟರಲ್ಲಿ ಅವರ ಎದುರಿನಲ್ಲಿದ್ದ ವಾಹನಗಳೆಲ್ಲ ಮುಂದೆ ಸರಿದು, ಸೇತುವೆ ದಾಟಿ, ಮಾಯವಾದವು. ವಹಾಬರ ಮುಂದೆ ಈಗ ಎರಡೂ ಸಾಲು ಖಾಲಿ.

"ರೋಡು ಖಾಲಿ ಆಯ್ತು. ಹೋಗಿ ಇನ್ನು" ಎಂದರು ಸಾಲಿಹಾ.

"ನಾನು ಹೋದ್ರೆ ಇವ ಬದಿಯಿಂದ ನುಗ್ತಾನೆ. ಅವ ಹಿಂದೆ ಹೋಗಿ ಲೈನಿನಲ್ಲಿ ನಿಲ್ಲಲಿ. ಆಮೇಲೆ ನಾನು ಹೋಗ್ತೇನೆ."

"ಅವ ಹಿಂದೆ ಎಲ್ಲಿಗೆ ಹೋಗುವುದು? ಹಿಂದೆ ಬಸ್ಸು ಉಂಟು."

"ಬಸ್ಸೂ ಹಿಂದೆ ಹೋಗಲಿ."

"ಬಸ್ಸಿನ ಹಿಂದೆ ಲಾರಿ ಉಂಟು."

"ಲಾರಿಯೂ ಹೋಗಲಿ. ತಪ್ಪು ಮಾಡಿದವರೆಲ್ಲ ಹಿಂದೆ ಹೋಗಲಿ."

"ಎಲ್ಲರೂ ಹಿಂದೆ ಹಿಂದೆ ಹೋಗಿ ಕಾರ್ಕಳ ಮುಟ್ಟಲಿ, ನಾವು ಇಲ್ಲೇ ಕೂತು ನೋಡುವ" ಎಂದು ಸಾಲಿಹಾ ಮುಖ ತಿರುಗಿಸಿ ಕುಳಿತರು. ಇಂಥವರನ್ನು ಏನು ಮಾಡುವುದು, ನೀವೇ ಹೇಳಿ. ಎದುರಿಗೆ ಸರಕಾರ ಕಟ್ಟಿದ ಅಷ್ಟಗಲ ರಸ್ತೆ ಬಿದ್ದಿದೆ, ಹಿಂದೆ ಅರ್ಧ ತಾಲೂಕು ನಿಂತಿದೆ, ನಡುವೆ ಒಬ್ಬ ಮನುಷ್ಯ ಕೈ ಕಟ್ಟಿಕೊಂಡು ನ್ಯಾಯ ಕಾಯುತ್ತಾ ಕೂತಿದ್ದಾನೆ.

ಬಸ್ಸಿನ ಕಂಡಕ್ಟರ್ ಇಳಿದು ಬಂದು ಕಾರಿನ ಕಿಟಕಿ ತಟ್ಟಿದ. "ಏನು ಧಣಿ, ರೋಡಿನ ಆರ್‌ಟಿಸಿ ನಿಮ್ಮ ಹೆಸರಿನಲ್ಲಿ ಉಂಟಾ?"

"ಲೈನಿನಲ್ಲಿ ಬನ್ನಿ. ಲೈನಿನಲ್ಲಿ ಬಂದವರಿಗೆ ದಾರಿ ಉಂಟು."

"ಲೈನು ನಿಮ್ಮ ಹಿಂದೆ ಉಂಟಲ್ಲ ಮಾರಾಯ್ರೆ, ನಿಮ್ಮ ಮುಂದೆ ನೊಣ ಸಹ ಇಲ್ಲ. ನೀವು ಯಾರಿಗೆ ಕಾಯುವುದು?"

ವಹಾಬರು ಗಾಜು ಏರಿಸಿದರು. ಕಂಡಕ್ಟರ್ ತುಳುವಿನಲ್ಲಿ ನಾಲ್ಕು ಮಾತು ಹೇಳಿದ. ಗಾಜಿನ ಒಳಗೆ ಅದು ಕೇಳಿಸದಿದ್ದದ್ದು ಎಲ್ಲರಿಗೂ ಒಳ್ಳೆಯದಾಯಿತು.

ಹಿಂದಿನ ಸೀಟಿನಲ್ಲಿ ಅಷ್ಟು ಹೊತ್ತು ತಸ್ಬೀಹ್ ಎಣಿಸುತ್ತಿದ್ದ ಬೀಫಾತಿಮಾ ಒಮ್ಮೆಲೇ ಮೂಗು ಅರಳಿಸಿದರು.

"ವಹಾಬ, ನಿನ್ನ ಕಾರಿನಲ್ಲಿ ಬಿರಿಯಾನಿ ಉಂಟಾ?"

"ಇಲ್ಲ ಅಕ್ಕ. ಬಿರಿಯಾನಿ ನಿಝಾರನ ವ್ಯಾನಿನಲ್ಲಿ ಬರ್ತದೆ."

"ವಾಸನೆ ಬರ್ತಾ ಉಂಟಲ್ಲ. ತುಪ್ಪದ್ದು, ಹುರಿದ ನೀರುಳ್ಳಿದ್ದು. ಪುದೀನ ಸ್ವಲ್ಪ ಹೆಚ್ಚಾಗಿದೆ."

"ಹಸಿವಾದ್ರೆ ಹಾಗೆಲ್ಲ ಆಗ್ತದೆ ಅಕ್ಕ. ಸ್ವಲ್ಪ ತಡ್ಕೊಳ್ಳಿ."

"ಹಸಿವು ನನ್ನ ಹೊಟ್ಟೆಯಲ್ಲಿ ಉಂಟು. ವಾಸನೆ ಹಿಂದಿನಿಂದ ಬರ್ತಾ ಉಂಟು" ಎಂದು ಆಕೆ ಮತ್ತೆ ಮಣಿ ಎಣಿಸತೊಡಗಿದರು.

ಫೋನು ಬಡಿದುಕೊಂಡಿತು. ನಿಝಾರ್. ಸ್ಪೀಕರಿನಲ್ಲಿ ಅವನ ಧ್ವನಿ ಅಳುವ ಹಾಗೆ ಬಂತು. "ವಹಾಬಾಕ, ತಡ ಆಗ್ತದೆ ಅಂತ ಕಾಣ್ತದೆ. ಒಬ್ಬ ರೋಡಿಗೆ ಅಡ್ಡ ಕಾರು ನಿಲ್ಲಿಸಿದ್ದಾನೆ. ಬಿಡುವುದೇ ಇಲ್ಲ."

ವಹಾಬರು ಕನ್ನಡಿಯಲ್ಲಿ ಹುಡುಕಿದರು. ಕೆಂಪು ವ್ಯಾನ್ ಎಲ್ಲೂ ಇಲ್ಲ. ಅಂದರೆ ಅಕ್ಕನ ಹಲ್ಲಿನ ಸೆಟ್ ಹುಡುಕುವ ಹೊತ್ತಿನಲ್ಲಿ ನಿಝಾರ್ ಮುಂದೆ ಹೋಗಿದ್ದಾನೆ, ಪೇಟೆಯೊಳಗೆ ಯಾವುದೋ ಪೋಕರಿಯ ಕೈಗೆ ಸಿಕ್ಕಿದ್ದಾನೆ ಎಂದು ಅವರೇ ತೀರ್ಮಾನಿಸಿದರು. ಅವರ ರಕ್ತ ಕುದಿಯಿತು.

"ಯಾವನವ? ಹೇಳುವವರು ಕೇಳುವವರು ಇಲ್ವಾ ಅವನಿಗೆ?"

"ನನಗೆ ಕಾಣ್ತಾ ಇಲ್ಲ ವಹಾಬಾಕ, ನಾನು ಹಿಂದೆ ಹಂಡೆ ಹಿಡ್ಕೊಂಡು ಕೂತಿದ್ದೇನೆ. ಡ್ರೈವರ್ ಲೋಕಯ್ಯ ಹೇಳ್ತಾನೆ, ಯಾರೋ ತಲೆ ಸರಿ ಇಲ್ಲದವ ಅಂತ. ಮುಂದೆ ರೋಡು ಪೂರಾ ಖಾಲಿಯಂತೆ. ಆದ್ರೂ ಹೋಗುವುದಿಲ್ಲವಂತೆ."

"ನೋಡು ಸಾಲಿಹಾ, ಎಂಥೆಂಥ ಜನ ಇರ್ತಾರೆ" ಎಂದರು ವಹಾಬ್ ನಿಜವಾದ ದುಃಖದಿಂದ. ಮತ್ತೆ ಫೋನಿಗೆ, "ನಿಝಾರ್, ಮೆತ್ತಗೆ ಆಗ್ಬೇಡ. ಹಾರ್ನಿನಿಂದ ಕೈ ತೆಗಿಬೇಡ ಅಂತ ಲೋಕಯ್ಯನಿಗೆ ಹೇಳು. ಅವನ ಕಿವಿ ತೂತಾಗಬೇಕು."

ಅದಾಗಿ ಉಸಿರೆಳೆಯುವಷ್ಟರಲ್ಲಿ ಹಿಂದಿನ ಟೆಂಪೊ ನಿಲ್ಲದೆ ಒದರತೊಡಗಿತು. ಫೋನಿನೊಳಗೂ ಅದೇ ಸ್ವರ, ಹೊರಗೂ ಅದೇ ಸ್ವರ.

"ಅಲ್ಲಿಯೂ ಹಾರ್ನು, ಇಲ್ಲಿಯೂ ಹಾರ್ನು. ಇಡೀ ಜಿಲ್ಲೆಯೇ ಕೆಟ್ಟು ಹೋಗಿದೆ" ಎಂದು ವಹಾಬರು ಕಿವಿ ಮುಚ್ಚಿಕೊಂಡರು.

ಸಾಲಿಹಾ ಮಾತ್ರ ನಿಧಾನವಾಗಿ ತಿರುಗಿ ಹಿಂದಿನ ಗಾಜಿನಿಂದ ಆ ನೀಲಿ ಟಾರ್ಪಾಲನ್ನು ನೋಡಿದರು. ಮತ್ತೆ ಗಂಡನನ್ನು ನೋಡಿದರು. "ನಿಝಾರ್ ಯಾವ ಗಾಡಿಯಲ್ಲಿ ಬರ್ತಾ ಇದ್ದಾನೆ, ಕೇಳಿ ಒಮ್ಮೆ."

"ಅವನಿಗೆ ಇರುವುದು ಒಂದೇ ಗಾಡಿ. ಈಗ ನಿನ್ನ ತನಿಖೆ ಬೇಡ." ವಹಾಬರ ತಲೆಯಲ್ಲಿ ಬೇರೆಯೇ ಯೋಜನೆ ಮೊಳೆಯುತ್ತಿತ್ತು. "ನಿಝಾರ್, ಅವನ ವಿಡಿಯೊ ಮಾಡಿ ಕಳಿಸು ನನಗೆ. ನಂಬರ್ ಪ್ಲೇಟ್ ಕಾಣಬೇಕು."

"ಲೋಕಯ್ಯ ಮಾಡಿ ಆಗಿದೆ. ನಿಮಗೇ ಕಳಿಸ್ಲಿಕ್ಕೆ ಹೇಳ್ತೇನೆ."

ವಿಡಿಯೊ ಬಂತು. ಸಿಗ್ನಲ್ ಸರಿ ಇಲ್ಲದ ಜಾಗ, ಮಬ್ಬು ಚೌಕದ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಅಷ್ಟರಲ್ಲೇ ಜುವೈರಿಯಾಳ ಸಂದೇಶ: ಬೆಳ್ತಂಗಡಿಯವರು ಬಂದು ಮುಟ್ಟಿದ್ದಾರೆ, ಹೇಳಿದ ಸಮಯಕ್ಕಿಂತ ಮುಂಚೆಯೇ. ಗೇಟಿನ ಹೊರಗೆ ನಿಂತಿದ್ದಾರೆ, ನೀವಿಲ್ಲದೆ ಒಳಗೆ ಬರಲು ಸಂಕೋಚಪಡುತ್ತಿದ್ದಾರೆ.

ವಹಾಬರ ಬೆವರು ಕಾಲರಿಗಿಳಿಯಿತು. ಮುಂಚೆಯೇ ಬಂದಿದ್ದಾರೆ. ಬೇಕೆಂದೇ ಬಂದಿದ್ದಾರೆ. ತಡವಾದದ್ದು ತಮ್ಮ ತಪ್ಪಲ್ಲ ಎಂದು ಈಗಿಂದೀಗಲೇ ಅವರಿಗೆ ತಿಳಿಸಬೇಕಿತ್ತು. ಹೇಗೆ? ಸಾಕ್ಷಿ ಕೈಯಲ್ಲೇ ಇದೆಯಲ್ಲ. ಮದುವೆಗೆಂದು ಮಾಡಿದ ವಾಟ್ಸಪ್ ಗುಂಪಿಗೆ, ಎರಡೂ ಮನೆಯ ಹಿರಿಯರು ಕಿರಿಯರು ಎಲ್ಲ ಇರುವ ಗುಂಪಿಗೆ, ಅವರು ಆ ವಿಡಿಯೊವನ್ನು ದಾಟಿಸಿಬಿಟ್ಟರು.

"ನೋಡಿ ಕಳಿಸಿ, ನೋಡಿ ಕಳಿಸಿ" ಎಂದು ಸಾಲಿಹಾ ಕೈ ಚಾಚುವಷ್ಟರಲ್ಲಿ ಕೆಲಸ ಮುಗಿದಿತ್ತು. ಮೇಲೊಂದು ಧ್ವನಿ ಸಂದೇಶವೂ ಹೋಯಿತು. ಭಾಷಣ ಮಾಡುವ ಗಂಭೀರ ಕಂಠದಲ್ಲಿ.

"ಉಮರಬ್ಬರಿಗೆ ಮತ್ತು ಎಲ್ಲರಿಗೂ ಸಲಾಂ. ನಾವು ಸರಿಯಾದ ಸಮಯಕ್ಕೇ ಹೊರಟಿದ್ದೇವೆ. ಈ ವಿಡಿಯೊದಲ್ಲಿ ಕಾಣುವ ಕತ್ತೆಯೊಬ್ಬ ರಸ್ತೆ ಅಡ್ಡಗಟ್ಟಿದ್ದರಿಂದ ನಮ್ಮ ಬಿರಿಯಾನಿ ತಡವಾಗಿದೆ. ಇಂಥವರಿಗೆ ಮನೆಯಲ್ಲಿ ಬುದ್ಧಿ ಹೇಳುವ ಹೆಂಗಸರು ಇಲ್ಲವೋ ಏನೋ. ದಯವಿಟ್ಟು ಇವನ ನಂಬರ್ ಎಲ್ಲರಿಗೂ ಹಂಚಿ."

ಕಳಿಸಿ, ನಿರಾಳವಾಗಿ ಸೀಟಿಗೆ ಒರಗಿದರು. ಬುದ್ಧಿ ಹೇಳುವ ಹೆಂಗಸು ಪಕ್ಕದಲ್ಲೇ ಕೂತು ಹಲ್ಲು ಕಚ್ಚುತ್ತಿದ್ದರು.

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಮಗಳು ಹಸ್ನಾ. ಧ್ವನಿ ತಗ್ಗಿಸಿ ಕೇಳಿದಳು. "ಬಾಪಾ, ನಮ್ಮ ಕಾರಿನ ನಂಬರ್ ಏನು?"

"ಯಾಕೆ ಮಗಳೇ?"

"ಇಲ್ಲಿ ಎಲ್ರೂ ಒಂದೇ ವಿಡಿಯೊ ನೋಡ್ತಾ ಇದ್ದಾರೆ. ನನ್ನ ಅತ್ತೆ ಕೇಳಿದ್ರು, ಆ ಕಾರಿನ ಹಿಂದೆ ಕಾಣುವ ಬಿಳಿ ಶಾಲು ನಿಮ್ಮ ಬೀಫಾತಿಮಾ ಮಾಮಿದಲ್ವಾ ಅಂತ."

ವಹಾಬರ ಫೋನಿನಲ್ಲಿ ಸುತ್ತುತ್ತಿದ್ದ ಚಕ್ರ ಅದೇ ಗಳಿಗೆಗೆ ನಿಂತು, ಚಿತ್ರ ಬಿಚ್ಚಿಕೊಂಡಿತು. ಬಿಳಿ ಗೆರೆಯ ಮೇಲೆ ಓರೆಯಾಗಿ ಒಂದು ಕಾರು. ಹಿಂದಿನ ಗಾಜಿನಲ್ಲಿ ಬೀಫಾತಿಮಾರ ಬಿಳಿ ಶಾಲು. ಕೆಳಗೆ ಸ್ಪಷ್ಟವಾಗಿ, ಬಂಗಾರದ ಅಂಗಡಿಯ ಬೋರ್ಡಿನಷ್ಟು ಸ್ಪಷ್ಟವಾಗಿ, ನಂಬರ್ ಪ್ಲೇಟು. ಎಲ್ಲಕ್ಕಿಂತ ಮೇಲೆ ಲೋಕಯ್ಯನ ಕಂಠ: "ಇವನ ತಲೆಯೊಳಗೆ ಮೆದುಳು ಉಂಟಾ, ಬೂಸಾ ಉಂಟಾ?"

ವಹಾಬರು ನಿಧಾನವಾಗಿ ತಿರುಗಿ ಹಿಂದೆ ನೋಡಿದರು. ಟೆಂಪೊದ ನೀಲಿ ಟಾರ್ಪಾಲನ್ನು ಸರಿಸಿ, ಹೊಗೆ ಹಿಡಿದ ಮುಖವೊಂದು ಹೊರಗೆ ಬಂತು.

"ವಹಾಬಾಕ, ನೀವಾ?" ಎಂದ ನಿಝಾರ್.

"ನಾನು ಹೇಳ್ಲಿಲ್ವಾ, ವಾಸನೆ ಹಿಂದಿನಿಂದ ಬರ್ತಾ ಉಂಟು ಅಂತ" ಎಂದರು ಬೀಫಾತಿಮಾ.

ಕಳಿಸಿದ್ದನ್ನು ಅಳಿಸಲು ವಹಾಬರು ಬೆರಳು ಒತ್ತಿದರು. ಗಡಿಬಿಡಿಯಲ್ಲಿ ಅದು ತಮ್ಮ ಫೋನಿನಿಂದ ಮಾತ್ರ ಅಳಿಸಿಹೋಯಿತು, ಬೇರೆ ಎಲ್ಲರ ಫೋನಿನಲ್ಲಿ ಭದ್ರವಾಗಿ ಉಳಿಯಿತು. ಸಾಲಿಹಾ ಬಾಗಿಲು ತೆರೆದು ಇಳಿದು, ಸುತ್ತು ಹಾಕಿ ಬಂದು ಡ್ರೈವರ್ ಬದಿಯ ಬಾಗಿಲು ತೆರೆದು ನಿಂತರು. ವಹಾಬರ ಸಂಸಾರದಲ್ಲಿ ಇಂಥದ್ದು ಮೊದಲ ಸಲ. ಅವರು ಇಳಿದು ಆಚೆ ಹೋಗಿ ಕುಳಿತರು.

ಸಾಲಿಹಾ ಕಾರನ್ನು ಬಲಸಾಲಿಗೆ ತಂದು, ತುದಿಯವರೆಗೆ ಓಡಿಸಿ, ಸೇತುವೆಯ ಕಟ್ಟೆಯ ಬಳಿ ನಿಧಾನ ಮಾಡಿದರು. ಎಡಗಡೆಯಿಂದ ಬಂದ ಟೆಂಪೊಗೆ ಕೈ ತೋರಿಸಿ ಮುಂದೆ ಬಿಟ್ಟರು. ಅದರ ಹಿಂದೆ ತಾವು ಹೋದರು. ಅವರ ಹಿಂದೆ ಎಡದ ಬಸ್ಸು, ಬಸ್ಸಿನ ಹಿಂದೆ ಬಲದ ಕಾರು, ಅದರ ಹಿಂದೆ ಎಡದ ಜಲ್ಲಿ ಲಾರಿ. ಯಾರೂ ಯಾರಿಗೂ ಬೈಯಲಿಲ್ಲ. ಕಂಡಕ್ಟರ್ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಸಾಲಿಹಾರಿಗೆ ಸಲಾಂ ಹೊಡೆದ. ವಹಾಬರು ಸೀಟಿನಲ್ಲಿ ಕೆಳಗೆ ಜಾರಿ ಕುಳಿತರು.

ತೋಡಾರು ಮುಟ್ಟುವಾಗ ಒಂದೂವರೆ ಎಂಬುದು ಹಳೆಯ ಕಾಲದ ಮಾತಾಗಿತ್ತು. ಟೆಂಪೊ ಮುಂಚೆಯೇ ತಲುಪಿ, ಬೀಗರ ಕಡೆಯ ಗಂಡಸರೇ ತೋಳು ಮಡಚಿ ಹಂಡೆಗಳನ್ನು ಇಳಿಸುತ್ತಿದ್ದರು. ಗೇಟಿನಲ್ಲಿ ಬಿಳಿ ಅಂಗಿ, ಬಿಳಿ ಪಂಚೆ, ಬಿಳಿ ಟೊಪ್ಪಿಯಲ್ಲಿ ಉಮರಬ್ಬರು ನಿಂತಿದ್ದರು. ವಹಾಬರು ಕಾರಿನಿಂದಿಳಿದು ಕಾಲೆಳೆಯುತ್ತಾ ಬಂದರು. ಉಮರಬ್ಬರು ಎರಡೂ ಕೈ ಚಾಚಿ ಅವರ ಕೈ ಹಿಡಿದುಕೊಂಡರು.

"ಬನ್ನಿ ವಹಾಬರೇ, ಬನ್ನಿ. ಸಂಕೋಚ ಬೇಡ. ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ."

ಮುಗುಳ್ನಗು ಅದೇ. ವಹಾಬರು ತಮ್ಮದೇ ಮನೆಗೆ ಅತಿಥಿಯಾಗಿ ಒಳಗೆ ಹೋದರು.

ಊಟದಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಅದೇ ದೊಡ್ಡ ಶಿಕ್ಷೆ. ದಮ್ ಹೆಚ್ಚು ಹೊತ್ತು ಕೂತು ಅನ್ನ ಮುದ್ದೆಯಾಗಿತ್ತು, ತಳ ಹಿಡಿದಿತ್ತು. ದೊಡ್ಡ ತಟ್ಟೆಯೊಂದರ ಸುತ್ತ ಉಮರಬ್ಬರು, ಅಳಿಯ ಅಝೀಮ್, ಅವನ ಇಬ್ಬರು ಚಿಕ್ಕಪ್ಪಂದಿರು, ಮತ್ತು ವಹಾಬರು. "ಬಿರಿಯಾನಿ ಒಳ್ಳೆಯದಾಗಿದೆ" ಎಂದರು ಒಬ್ಬ ಚಿಕ್ಕಪ್ಪ, ಮುದ್ದೆ ಮುರಿಯುತ್ತಾ. "ಬಹಳ ಒಳ್ಳೆಯದಾಗಿದೆ" ಎಂದರು ಇನ್ನೊಬ್ಬರು. ಅಝೀಮ್ ಪಾಪ, ತಲೆ ಎತ್ತಿದರೆ ನಗು ಬರುತ್ತದೆಂದು ಊಟ ಮುಗಿಯುವವರೆಗೂ ತಟ್ಟೆಯನ್ನೇ ನೋಡುತ್ತಿದ್ದ. ವಹಾಬರು ತುತ್ತನ್ನು ತಟ್ಟೆಯಲ್ಲೇ ಉರುಳಿಸುತ್ತಿದ್ದರು. ಇವರು ಬೈಯಬಾರದೇ, ಒಂದು ಮಾತು ಆಡಿ ಮುಗಿಸಬಾರದೇ ಎಂದು ಅವರ ಜೀವ ಒದ್ದಾಡುತ್ತಿತ್ತು.

ಮೊಸರು ಬಜ್ಜಿ ತರುವ ನೆಪದಲ್ಲಿ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದರು. "ಹಸ್ನಾ ಎಲ್ಲಿ? ಅಳ್ತಾ ಇದ್ದಾಳಾ?" ಎಂದು ಪಿಸುಗುಟ್ಟಿದರು.

"ನೀವೇ ಹೋಗಿ ನೋಡಿ. ಹೆಂಗಸರ ನಡುವೆ ಕೂತಿದ್ದಾಳೆ" ಎಂದರು ಸಾಲಿಹಾ, ಪಾತ್ರೆಯನ್ನು ಅವರ ಕೈಗೆ ಕುಕ್ಕುತ್ತಾ. ಹೋಗಿ ನೋಡುವ ಧೈರ್ಯ ವಹಾಬರಿಗೆ ಇರಲಿಲ್ಲ.

ಸಂಜೆಯ ಚಾ ಮುಗಿದು ಬೆಳ್ತಂಗಡಿಯವರು ಹೊರಟರು. ಹಸ್ನಾಳೂ ಅವರ ಜೊತೆ. ಮುಂದಿನ ಕಾರಿನಲ್ಲಿ ಉಮರಬ್ಬರು, ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಮತ್ತು ಹಸ್ನಾ. ಅದರ ಹಿಂದೆ ಬೀಗರ ಕಡೆಯ ಉಳಿದ ಕಾರುಗಳು ಅಂಗಳದಲ್ಲಿ ಸಾಲಾಗಿ ಎಂಜಿನ್ ಚಾಲೂ ಮಾಡಿಕೊಂಡು ನಿಂತವು. ಆಗ ವಹಾಬರಿಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಮುಂದಿನ ಕಾರಿನ ಎದುರಿಗೇ ನಿಂತು ಕೈ ಮುಗಿದರು.

"ಉಮರಬ್ಬರೇ, ಅವತ್ತು ಹಾಲ್‌ನಲ್ಲಿ ನಾನು ಆ ಮಾತು ಹೇಳಬಾರದಿತ್ತು. ಇವತ್ತು ನೀವು ಒಂದು ಮಾತೂ ಹೇಳಲಿಲ್ಲ. ನಾಲ್ಕು ಬೈದುಬಿಡಿ, ಹೊಟ್ಟೆಯಲ್ಲಿ ಇಟ್ಕೊಳ್ಬೇಡಿ. ನನ್ನ ಬಾಯಿಯ ತಪ್ಪಿಗೆ ನನ್ನ ಮಗಳು ನಿಮ್ಮ ಮನೆಯಲ್ಲಿ ತಲೆ ತಗ್ಗಿಸಬಾರದು."

ಕಣ್ಣು ಮಂಜಾಯಿತು. ಆ ಮಂಜಿನಲ್ಲೇ ಅವರು ಹಿಂದಿನ ಸೀಟು ನೋಡಿದರು. ಹಸ್ನಾ ಅಳುತ್ತಿರಲಿಲ್ಲ. ಶಾಲನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಮೊಬೈಲನ್ನು ಕಿವಿಗೆ ಹಿಡಿದು, ವಹಾಬರ ಕತ್ತೆಯ ಸಂದೇಶವನ್ನು ಎಷ್ಟನೆಯ ಸಲವೋ ಕೇಳುತ್ತಾ, ಸೊಸೆಯ ಭುಜಕ್ಕೆ ತಲೆ ಆನಿಸಿ ಬಿದ್ದು ಬಿದ್ದು ನಗುತ್ತಿದ್ದರು. ಆ ಎರಡು ತಲೆ ಒಂದಕ್ಕೊಂದು ತಾಗಿದ್ದನ್ನು ನೋಡಿ ವಹಾಬರ ಎದೆಯಿಂದ ಇಷ್ಟು ದಿನಗಳ ಭಾರ ಇಳಿಯಿತು. ಇನ್ನು ಇಡೀ ಬೆಳ್ತಂಗಡಿ ತಮ್ಮನ್ನು ಕತ್ತೆ ಎಂದರೂ ಅಡ್ಡಿಯಿಲ್ಲ ಎನಿಸಿತು.

ಉಮರಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಹಿಂದಿನ ಕಾರುಗಳಿಂದ ಒಂದು ಸಣ್ಣ ಹಾರ್ನ್ ಕೇಳಿಸಿತು, ಮತ್ತೆ ಇನ್ನೊಂದು.

"ವಹಾಬರೇ, ನನ್ನ ಹೊಟ್ಟೆಯಲ್ಲಿ ನಿಮ್ಮ ಬಿರಿಯಾನಿ ಬಿಟ್ರೆ ಬೇರೇನೂ ಇಲ್ಲ. ಆದ್ರೆ ಒಂದು ಉಪಕಾರ ಆಗಬೇಕು."

"ಹೇಳಿ ಉಮರಬ್ಬರೇ, ಏನು ಬೇಕಾದ್ರೂ ಹೇಳಿ."

"ಈಗ ನೀವು ನಿಂತದ್ದು ಗೇಟಿನ ನಡುವೆ. ಸ್ವಲ್ಪ ಬದಿಗೆ ಬಂದ್ರೆ ನಾವು ಬೆಳ್ತಂಗಡಿಗೆ ಹೋಗ್ತಿದ್ದೆವು."